ಅಲ್ಯುಮಿನಿಯಂ ಟ್ರ್ಯಾಕ್ ಕತ್ತರಿಸುವಾಗ ಒಡೆದ ಕಟಿಂಗ್ ವೀಲ್: ಒಂದು ಪ್ರಕರಣ ಅಧ್ಯಯನ

ಇದು ನಡೆದದ್ದು ಶಿವಮೊಗ್ಗದ ಹೊರವಲಯದಲ್ಲಿ, ಇನ್ನೂ ಕೆಲಸ ಮುಗಿಯದ ಒಂದು ಮನೆಯ ಎರಡನೇ ಮಹಡಿಯಲ್ಲಿ. ತ್ರೀ ಟ್ರ್ಯಾಕ್ ಸ್ಲೈಡಿಂಗ್ ಕಿಟಕಿ. ಎರಡು ಗಾಜಿನ ಶಟರ್, ಒಂದು ಸೊಳ್ಳೆ ಜಾಲರಿಯ ಶಟರ್. ಕೆಳಗಿನ ಟ್ರ್ಯಾಕನ್ನು ಗ್ರಾನೈಟ್ ಮೇಲೆ ಕೂರಿಸಿ ಸ್ಕ್ರೂ ಬಿಗಿದಾಗಿತ್ತು. ಆಮೇಲೆ ನೋಡಿದರೆ ಒಂದು ತುದಿ ಬೆರಳಗಲ ಉದ್ದ ಬಂದಿದೆ. ಪಕ್ಕದ ಫಿಕ್ಸ್ ಗಾಜಿನ ಚೌಕಟ್ಟು ಒಳಗೆ ಕೂರುತ್ತಿಲ್ಲ. ಟ್ರ್ಯಾಕ್ ಬಿಚ್ಚಿದರೆ ಹಾಕಿದ ಸಿಲಿಕೋನ್ ಹಾಳು, ಸ್ಕ್ರೂ ತೂತು ಸಡಿಲ. ಹಾಗಾಗಿ ಇದ್ದಲ್ಲೇ ತುದಿ ಕತ್ತರಿಸೋಣ ಅಂತ ತೀರ್ಮಾನವಾಯಿತು.

ಆ ಕೆಲಸಕ್ಕೆ ಕೂತವನು ಸುಮಾರು ಇಪ್ಪತ್ತು ವರ್ಷದ ಹೆಲ್ಪರ್ ಹುಡುಗ. ಕೈಯಲ್ಲಿ 4 ಇಂಚಿನ ಗ್ರೈಂಡರ್. ಬೆಳಿಗ್ಗೆ ಅದೇ ಗ್ರೈಂಡರಿನಲ್ಲಿ, ಅದೇ ವೀಲಿನಲ್ಲಿ ಗ್ರಿಲ್ಲಿನ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಆಂಗಲ್ ಕತ್ತರಿಸಿದ್ದ. ಇಲ್ಲಿ ಗಾರ್ಡ್, ಅಂದರೆ ವೀಲಿಗೆ ಅಡ್ಡ ಇರುವ ರಕ್ಷಣೆಯ ಮುಚ್ಚಳ, ಗೋಡೆಗೆ ತಾಗುತ್ತಿತ್ತು, ಅದಕ್ಕೆ ಗಾರ್ಡ್ ಬಿಚ್ಚಿಟ್ಟ. ಕನ್ನಡಕ ಇರಲಿಲ್ಲ. ಮೊದಲು ಸಲೀಸಾಗಿ ಹೋಯಿತು. ಸ್ವಲ್ಪ ಹೊತ್ತಿಗೆ ವೀಲ್ ಕಡಿಯುವುದನ್ನು ನಿಲ್ಲಿಸಿತು. ಅವನು ಒತ್ತಿದ. ಇನ್ನೂ ಒತ್ತಿದ. ಕಟ್ ಮುಗಿಯುವ ಹೊತ್ತಿಗೆ ತುದಿಯ ತುಂಡು ವಾಲಿ ವೀಲನ್ನು ಹಿಡಿದುಕೊಂಡಿತು. ವೀಲ್ ಒಡೆಯಿತು. ಒಂದು ಚೂರು ಬಲಗಣ್ಣಿನ ಕೆಳಗೆ ಕೆನ್ನೆ ಸೀಳಿತು. ಗ್ರೈಂಡರ್ ಕೈಯಿಂದ ಜಾರಿ ಗ್ರಾನೈಟ್ ಮೇಲೆ ಬಿತ್ತು. ಸ್ವಿಚ್ ಆನ್ ಆಗಿಯೇ ಇತ್ತು. ಇನ್ನೊಬ್ಬ ಓಡಿಹೋಗಿ ಪ್ಲಗ್ ಕೀಳುವವರೆಗೂ ಅದು ನೆಲದ ಮೇಲೆ ತಿರುಗುತ್ತಲೇ ಇತ್ತು.

ಕಣ್ಣು ಉಳಿಯಿತು. ಕೆನ್ನೆಗೆ ಹೊಲಿಗೆ ಬಿತ್ತು. ಇನ್ನು ಎರಡು ಬೆರಳು ಮೇಲೆ ತಾಗಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ಆ ಕಿಟಕಿ ಕೆಲಸ ಹಿಡಿದಿದ್ದ ಶೆಡ್ಡಿನ ಮಾಲೀಕ ನನ್ನ ಹಳೇ ವಿದ್ಯಾರ್ಥಿ. ನಾನು ಫಿಟ್ಟರ್ ಕೆಲಸ ಕಲಿಸುವವನು. ಫೋನಿನಲ್ಲಿ ಅವನ ಮೊದಲ ಮಾತು, "ಸರ್, ಅಂಗಡಿಯವರು ಡೂಪ್ಲಿಕೇಟ್ ವೀಲ್ ಕೊಟ್ಟಿದ್ದಾರೆ. ಬಂದು ನೋಡಿ." ಒಡೆದ ಚೂರು, ಆ ಗ್ರೈಂಡರ್, ಕತ್ತರಿಸಿದ ತುಂಡು, ಉಳಿದ ವೀಲುಗಳ ಡಬ್ಬ, ಎಲ್ಲವನ್ನೂ ಹಾಗೇ ತೆಗೆದಿಡಲು ಹೇಳಿದೆ. ಅಪಘಾತವಾದ ಮೇಲೆ ಗುಡಿಸಿ ಎಸೆಯುವುದು ನಮ್ಮಲ್ಲಿ ಅಭ್ಯಾಸ. ಎಸೆದರೆ ಕಾರಣವೂ ಕಸದ ಜೊತೆ ಹೋಗುತ್ತದೆ.

ಚೂರುಗಳಲ್ಲಿ ಕಂಡದ್ದು

ವೀಲಿನ ಹೊರಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಸ ಕಟಿಂಗ್ ವೀಲಿನ ಅಂಚು ಮುಟ್ಟಿದರೆ ಮರಳು ಕಾಗದದಂತೆ ಒರಟು. ಇದರ ಅಂಚಿಗೆ ಅಲ್ಯುಮಿನಿಯಂ ಮೆತ್ತಿಕೊಂಡು ಒಂದು ಪದರವೇ ಆಗಿತ್ತು. ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಅಂಚಿನ ಪಕ್ಕದಲ್ಲಿ ವೀಲಿನ ಬಣ್ಣ ಕಂದಿತ್ತು. ಅಲ್ಲಿ ಶಾಖ ಏರಿದ್ದಕ್ಕೆ ಅದೇ ಗುರುತು.

ಇದು ಹೇಗಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ಪ್ರಕರಣದ ಬೇರು ಇಲ್ಲಿದೆ.

ಕಟಿಂಗ್ ವೀಲ್ ಅಂದರೆ ಗಟ್ಟಿ ಹರಳುಗಳನ್ನು ರೆಸಿನ್ ಹಾಕಿ ಅಂಟಿಸಿ, ನಡುವೆ ಫೈಬರ್ ಗ್ಲಾಸ್ ಬಲೆ ಇಟ್ಟು ಮಾಡಿದ ತೆಳು ತಟ್ಟೆ. ಕಬ್ಬಿಣ ಕತ್ತರಿಸುವಾಗ ಹರಳು ಮೊಂಡಾಗುತ್ತದೆ, ಮೊಂಡಾದದ್ದು ಉದುರುತ್ತದೆ, ಒಳಗಿನ ಹೊಸ ಹರಳು ಹೊರಗೆ ಬರುತ್ತದೆ. ವೀಲ್ ಸವೆಯುತ್ತಾ ಹೋಗುವುದೇ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ.

ಅಲ್ಯುಮಿನಿಯಂ ಮೆದು ಮತ್ತು ಜಿಗುಟು. ಅದು ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ. ಕಿಟಕಿ ಸೆಕ್ಷನ್ನುಗಳು (ಚೌಕಟ್ಟು, ಟ್ರ್ಯಾಕ್ ಮಾಡುವ ಅಲ್ಯುಮಿನಿಯಂ ಪಟ್ಟಿಗಳು) ಹೆಚ್ಚಾಗಿ 6063 ಅನ್ನುವ ಮಿಶ್ರಲೋಹದವು, ಅವು ಇನ್ನೂ ಸ್ವಲ್ಪ ಮೊದಲೇ ಕರಗಲು ಶುರುವಾಗುತ್ತವೆ. ಉಕ್ಕು ಕರಗಲು 1,400 ಡಿಗ್ರಿ ದಾಟಬೇಕು. ವೀಲಿನ ಅಂಚು ತಿಕ್ಕುವ ಜಾಗದಲ್ಲಿ ಅಲ್ಯುಮಿನಿಯಂ ಕರಗದಿದ್ದರೂ ಮೆತ್ತಗಾಗುತ್ತದೆ. ಪುಡಿಯಾಗಿ ಉದುರುವ ಬದಲು ಹರಳುಗಳ ನಡುವಿನ ಸಂದಿಗೆ ತುಂಬಿಕೊಳ್ಳುತ್ತದೆ. ಹರಳು ಮುಚ್ಚಿಹೋದ ಮೇಲೆ ಕಡಿಯುವುದು ಯಾವುದು? ಅಲ್ಯುಮಿನಿಯಂ ಮೇಲೆ ಅಲ್ಯುಮಿನಿಯಂ ತಿಕ್ಕುತ್ತದೆ, ಅಷ್ಟೇ. ಅರದಲ್ಲಿ ಅಲ್ಯುಮಿನಿಯಂ ಉಜ್ಜಿದವರಿಗೆ ಇದು ಗೊತ್ತು. ಅರದ ಹಲ್ಲು ತುಂಬಿಕೊಂಡು ಜಾರತೊಡಗುತ್ತದೆ. ಅಲ್ಲಿ ಬ್ರಷ್ ಹಾಕಿ ಬಿಡಿಸಬಹುದು. ನಿಮಿಷಕ್ಕೆ 11,000 ಸುತ್ತು ತಿರುಗುವ ವೀಲಿನಲ್ಲಿ ಆ ಅವಕಾಶ ಇಲ್ಲ.

ತಿಕ್ಕಾಟದಿಂದ ಶಾಖ. ಶಾಖದಿಂದ ರೆಸಿನ್ ದುರ್ಬಲ. ಮೆತ್ತಿಕೊಂಡ ಲೋಹ ಒಂದೇ ಸಮ ಇಲ್ಲದ್ದರಿಂದ ವೀಲಿಗೆ ಅಲುಗಾಟ. ಅಷ್ಟರಲ್ಲಿ ಕೈ ಒತ್ತಡ ಜಾಸ್ತಿ. ಈ ಸ್ಥಿತಿಯಲ್ಲಿರುವ 1 ಮಿಲಿಮೀಟರ್ ದಪ್ಪದ ತಟ್ಟೆಯನ್ನು ಒಂದು ತುಂಡು ಪಕ್ಕದಿಂದ ಹಿಡಿದರೆ ಅದು ಉಳಿಯುವುದು ಕಷ್ಟ.

ಇನ್ನೊಂದು ವಿಷಯ ಹುಡುಗನ ಬಾಯಲ್ಲೇ ಬಂತು. "ಕಿಡಿನೇ ಹಾರ್ತಿರ್ಲಿಲ್ಲ ಸರ್, ಅದಕ್ಕೆ ಏನೂ ಆಗಲ್ಲ ಅನ್ಕೊಂಡೆ." ಈ ಮಾತು ನಾನು ಬೇರೆ ಶೆಡ್ಡುಗಳಲ್ಲೂ ಕೇಳಿದ್ದೇನೆ. ಉಕ್ಕು ಕತ್ತರಿಸುವಾಗ ಕಾಣುವ ಕಿಡಿ ಅಂದರೆ ಕಾದ ಕಬ್ಬಿಣದ ಕಣ ಗಾಳಿಯಲ್ಲಿ ಉರಿಯುವುದು. ಅಲ್ಯುಮಿನಿಯಂ ಚೂರು ಹಾಗೆ ಕಿಡಿಯಾಗುವುದಿಲ್ಲ. ಕಿಡಿ ನೋಡಿ ದೂರ ನಿಲ್ಲುವವರು, ಕನ್ನಡಕ ಹುಡುಕುವವರು, ಅಲ್ಯುಮಿನಿಯಂ ಮುಂದೆ ಮುಖ ಇಟ್ಟುಕೊಂಡು ಕೂರುತ್ತಾರೆ. ಆದರೆ ವೀಲಿನ ವೇಗ ಎರಡಕ್ಕೂ ಒಂದೇ ಅಲ್ವಾ? 100 ಮಿಲಿಮೀಟರ್ ವೀಲ್ 11,000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಗಂಟೆಗೆ 200 ಕಿಲೋಮೀಟರಿಗಿಂತ ಜಾಸ್ತಿ. ಒಡೆದ ಚೂರು ಹಾರುವುದು ಆ ವೇಗದಲ್ಲಿ.

ಡಬ್ಬದ ಮೇಲಿನ ಬರಹ

ಡೂಪ್ಲಿಕೇಟ್ ಅನ್ನುವ ಅನುಮಾನಕ್ಕೆ ಬರೋಣ. ಡಬ್ಬದಲ್ಲಿ ಉಳಿದಿದ್ದ ವೀಲುಗಳನ್ನು ಒಂದೊಂದಾಗಿ ನೋಡಿದೆ. ಮೇಲೆ 80 ಮೀಟರ್ ಪ್ರತಿ ಸೆಕೆಂಡ್, 15,300 ಆರ್‌ಪಿಎಂ ಅಂತ ಇತ್ತು. 100 ಮಿಲಿಮೀಟರ್ ವೀಲಿಗೆ ಈ ಎರಡು ಅಂಕಿ ಒಂದಕ್ಕೊಂದು ಸರಿಹೊಂದುತ್ತವೆ. ಗ್ರೈಂಡರಿನ ವೇಗ 11,000. ಹಾಗಾಗಿ ವೇಗ ಮೀರಿದ್ದು ಕಾರಣವಲ್ಲ. ತೂತು 16 ಮಿಲಿಮೀಟರ್, ಗ್ರೈಂಡರಿನ ಫ್ಲ್ಯಾಂಜಿಗೆ (ವೀಲನ್ನು ಹಿಡಿದಿಡುವ ಬಿಲ್ಲೆಗೆ) ಸರಿಯಾಗಿ ಕೂರುತ್ತಿತ್ತು. ಬಿರುಕು, ಅಂಚು ಮುರಿದದ್ದು ಕಾಣಲಿಲ್ಲ.

ನಡುವಿನ ಲೋಹದ ಉಂಗುರದ ಮೇಲೆ ತಾರೀಖು ಇರುತ್ತದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ರೆಸಿನ್ ವೀಲುಗಳಿಗೆ ತಯಾರಾದ ದಿನದಿಂದ ಸಾಮಾನ್ಯವಾಗಿ 3 ವರ್ಷ ಆಯಸ್ಸು. ತೇವ ಹೀರಿದರೆ ರೆಸಿನ್ ಅದಕ್ಕೂ ಮೊದಲೇ ಬಲ ಕಳೆದುಕೊಳ್ಳುತ್ತದೆ. ಈ ಡಬ್ಬದ ತಾರೀಖು ಮುಗಿದಿತ್ತು. ಮೇಲಾಗಿ ಡಬ್ಬ ಇದ್ದದ್ದು ಪಿಕಪ್ ಗಾಡಿಯ ಹಿಂದೆ, ಟಾರ್ಪಾಲ್ ಕೆಳಗೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಟಾರ್ಪಾಲ್ ಕೆಳಗೆ ಎಷ್ಟು ಒಣಗಿರುತ್ತದೆ ಅಂತ ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ.

ಇನ್ನು ಮುಖ್ಯ ಪ್ರಶ್ನೆ. ಈ ವೀಲ್ ಯಾವುದಕ್ಕೆ? ಮಾಲೀಕ ಡಬ್ಬ ತಿರುಗಿಸಿ ತೋರಿಸಿದ. "ನೋಡಿ ಸರ್, ಅಲ್ಯುಮಿನಿಯಂ ಅಂತಲೇ ಬರೆದಿದೆ. ಅಂಗಡಿಯಲ್ಲೂ ಇದನ್ನೇ ತೋರಿಸಿ ಕೊಟ್ಟರು." ಬರೆದಿದ್ದದ್ದು ಅಲ್ಯುಮಿನಿಯಂ ಆಕ್ಸೈಡ್ ಅಂತ.

ಅಲ್ಯುಮಿನಿಯಂ ಆಕ್ಸೈಡ್ ಅನ್ನುವುದು ವೀಲಿನೊಳಗಿನ ಹರಳಿನ ಹೆಸರು. ಅದು ತುಂಬಾ ಗಟ್ಟಿ ವಸ್ತು, ಉಕ್ಕು ಕತ್ತರಿಸುವ ಹೆಚ್ಚಿನ ವೀಲುಗಳಲ್ಲಿ ಇರುವುದು ಅದೇ. ಏನನ್ನು ಕತ್ತರಿಸಬಹುದು ಅನ್ನುವುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಈ ಗೊಂದಲದಲ್ಲಿ ಅಂಗಡಿಯವರನ್ನೂ ಹುಡುಗರನ್ನೂ ದೂರಲು ನನಗೆ ಮನಸ್ಸಿಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಅಲ್ಯುಮಿನಿಯಂ ಅಂತ ಕಂಡರೆ ಯಾರಾದರೂ ಹಾಗೇ ಓದುತ್ತಾರೆ. ನೋಡಬೇಕಾದದ್ದು "ಫಾರ್" ಅಥವಾ "ಮೆಟೀರಿಯಲ್" ಅನ್ನುವ ಜಾಗವನ್ನು. ಅಲ್ಲಿ ಸ್ಟೀಲ್, ಐನಾಕ್ಸ್ ಅಂತ ಇದ್ದರೆ ಅದು ಉಕ್ಕಿಗೆ, ಸ್ಟೇನ್‌ಲೆಸ್ ಸ್ಟೀಲಿಗೆ. ಅಲ್ಯು ಅಥವಾ ನಾನ್ ಫೆರಸ್ (ಕಬ್ಬಿಣವಲ್ಲದ ಲೋಹ) ಅಂತ ಇದ್ದರೆ ಮಾತ್ರ ನಮ್ಮ ಕೆಲಸಕ್ಕೆ. ಐನಾಕ್ಸ್ ವೀಲ್ ದುಬಾರಿ, ಹಾಗಾಗಿ ಎಲ್ಲದಕ್ಕೂ ಆಗುತ್ತದೆ ಅಂತ ನಂಬುವವರಿದ್ದಾರೆ. ಐನಾಕ್ಸ್ ಅಂದರೆ ಸ್ಟೇನ್‌ಲೆಸ್ ಮೇಲೆ ತುಕ್ಕು ಹತ್ತಿಸುವ ಕಬ್ಬಿಣ, ಗಂಧಕ, ಕ್ಲೋರಿನ್ ಅಂಶ ವೀಲಿನಲ್ಲಿ ಇಲ್ಲದಂತೆ ಮಾಡಿದ್ದು. ಅಲ್ಯುಮಿನಿಯಂ ಮೆತ್ತಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಲ್ಯುಮಿನಿಯಂಗೆ ಅಂತಲೇ ಮಾಡಿದ ವೀಲಿನಲ್ಲಿ ಎರಡು ವಿಷಯ ಬೇರೆ. ಹರಳು ಬೇಗ ಉದುರುವ ಹಾಗೆ ರೆಸಿನ್ ಮೆದುವಾಗಿರುತ್ತದೆ. ಲೋಹ ಅಂಟದಂತೆ ತಡೆಯುವ ವಸ್ತುವನ್ನು ಒಳಗೇ ಸೇರಿಸಿರುತ್ತಾರೆ. ಕೆಲವದರಲ್ಲಿ ಸಿಲಿಕಾನ್ ಕಾರ್ಬೈಡ್ ಹರಳು ಇರುತ್ತದೆ. ಬೇಗ ಸವೆಯುತ್ತದೆ, ಬೆಲೆಯೂ ಜಾಸ್ತಿ. ಮಾಲೀಕನಿಗೆ ಇದು ನಷ್ಟ ಅನ್ನಿಸಿತು. ಸವೆಯುವುದಕ್ಕಾಗಿಯೇ ಅದನ್ನು ಮಾಡಿರುವುದು ಅಂತ ವೀಲ್ ಹಾಕಿ ತೋರಿಸಿದ ಮೇಲೆ ಒಪ್ಪಿದ.

ಅದೇ ಸೆಕ್ಷನ್, ಬೇರೆ ಬೇರೆ ಹತ್ಯಾರು

ಶೆಡ್ಡಿಗೆ ಬಂದು ಅದೇ ತ್ರೀ ಟ್ರ್ಯಾಕಿನ ತುಂಡನ್ನು ವೈಸಿನಲ್ಲಿ ಮರದ ಪಟ್ಟಿ ಕೊಟ್ಟು ಹಿಡಿದೆವು. ಗಾರ್ಡ್ ಹಾಕಿ, ಫೇಸ್ ಶೀಲ್ಡ್ ತೊಟ್ಟು, ವೀಲಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು ಕತ್ತರಿಸಿದೆ. ಹೊಸ ವೀಲನ್ನು ಹಾಕಿದ ಮೇಲೆ ಒಂದು ನಿಮಿಷ ಸುಮ್ನೆ ಖಾಲಿ ಓಡಿಸಬೇಕು. ವೀಲಿನಲ್ಲಿ ದೋಷ ಇದ್ದರೆ ಆಗಲೇ ತಿಳಿಯುವ ಸಾಧ್ಯತೆ ಹೆಚ್ಚು. ಅದನ್ನೂ ಮಾಡಿದೆವು.

ಉಕ್ಕಿನ ವೀಲ್ ಮೊದಲ ಕೆಲವು ಮಿಲಿಮೀಟರ್ ಚೆನ್ನಾಗಿಯೇ ಹೋಯಿತು. ಆಮೇಲೆ ಶಬ್ದ ಬದಲಾಯಿತು. ಚರ್ ಅನ್ನುತ್ತಿದ್ದದ್ದು ಕೀಚಲು ದನಿಯಾಯಿತು. ಮೋಟಾರಿನ ವೇಗ ಇಳಿಯಿತು. ಅಂಚು ಹೊಳೆಯತೊಡಗಿತು. ಅಲ್ಲಿಗೆ ನಿಲ್ಲಿಸಿದೆ. ಮಾಲೀಕನಿಗೂ ಹುಡುಗರಿಗೂ ನಾನು ಕೇಳಿಸಬೇಕೆಂದಿದ್ದದ್ದು ಆ ಶಬ್ದವನ್ನೇ. ಕೈಗೆ ಒತ್ತಬೇಕು ಅನ್ನಿಸುವ ಗಳಿಗೆಯೇ ನಿಲ್ಲಿಸಬೇಕಾದ ಗಳಿಗೆ. ಅಲ್ಯುಮಿನಿಯಂ ಮೇಲೆ ಒತ್ತಿದರೆ ಕಡಿತ ಹೆಚ್ಚುವುದಿಲ್ಲ, ಶಾಖ ಹೆಚ್ಚುತ್ತದೆ.

ಅಲ್ಯುಮಿನಿಯಂ ವೀಲಿನಲ್ಲಿ ಶಬ್ದ ಕೊನೆಯವರೆಗೂ ಒಂದೇ ಸಮ ಇತ್ತು. ಬರ್, ಅಂದರೆ ಕಟ್ ಅಂಚಿನಲ್ಲಿ ಏಳುವ ಚೂಪು ಸಿಪ್ಪೆ, ತೆಳುವಾಗಿ ಬಂತು, ಅರದಲ್ಲಿ ಎರಡು ಸಲ ಎಳೆದರೆ ಹೋಯಿತು. ಒಂದೇ ಜಾಗದಲ್ಲಿ ನಿಲ್ಲಿಸದೆ, ಕಟ್‌ನ ಉದ್ದಕ್ಕೂ ಹಗುರಾಗಿ ಮುಂದೆ ಹಿಂದೆ ಆಡಿಸುತ್ತಾ ಹೋಗಬೇಕು.

ಬಳಿಕ ಶೆಡ್ಡಿನ ಮೂಲೆಯಲ್ಲಿದ್ದ 10 ಇಂಚಿನ ಕಟಿಂಗ್ ಮಷಿನ್. ಅದರಲ್ಲಿ 120 ಹಲ್ಲಿನ ಟಿಸಿಟಿ ಬ್ಲೇಡ್ ಇತ್ತು. ಹಲ್ಲಿನ ತುದಿಗೆ ಕಾರ್ಬೈಡ್ ಬೆಸೆದ ಬ್ಲೇಡ್ ಅದು. ಅಲ್ಯುಮಿನಿಯಂಗೆ ಮಾಡಿದ ಬ್ಲೇಡಿನಲ್ಲಿ ಹಲ್ಲುಗಳು ಹತ್ತಿರ ಹತ್ತಿರ, ಮತ್ತು ಹಲ್ಲು ತುಸು ಹಿಂದಕ್ಕೆ ವಾಲಿರುತ್ತದೆ. ಮರದ ಬ್ಲೇಡಿನ ಹಲ್ಲು ಮುಂದಕ್ಕೆ ಬಾಗಿ ವಸ್ತುವನ್ನು ಒಳಗೆ ಎಳೆದುಕೊಳ್ಳುತ್ತದೆ. ತೆಳು ಸೆಕ್ಷನ್ನನ್ನು ಹಾಗೆ ಎಳೆದರೆ ತಿರುಚಿ ಹಾರಿಸಿಬಿಡುತ್ತದೆ. ಹಲ್ಲಿಗೆ ಸ್ವಲ್ಪ ಮೇಣ ಸವರಿ, ಅದೂ ಮಷಿನ್ ನಿಂತಿರುವಾಗ ಮತ್ತು ಪ್ಲಗ್ ತೆಗೆದು, ಸೆಕ್ಷನ್ ಕ್ಲ್ಯಾಂಪ್ ಮಾಡಿ ಇಳಿಸಿದರೆ ಕಟ್ ನಯವಾಗಿ ಬರುತ್ತದೆ. 45 ಡಿಗ್ರಿ ಮೂಲೆ ಕೂಡಿಸುವವರಿಗೆ ಈ ಕಟ್ ಬಿಟ್ಟು ಬೇರೆ ದಾರಿಯೇ ಇಲ್ಲ.

ಕೊನೆಗೆ ಹ್ಯಾಕ್ಸಾ. ಇಂಚಿಗೆ 32 ಹಲ್ಲಿನ ಬ್ಲೇಡ್. ಸೆಕ್ಷನ್ ಗೋಡೆಯ ದಪ್ಪ ಒಂದೂವರೆ ಮಿಲಿಮೀಟರಿನ ಆಸುಪಾಸು. ಆ ದಪ್ಪದಲ್ಲಿ ಕನಿಷ್ಠ ಎರಡು ಹಲ್ಲಾದರೂ ಒಟ್ಟಿಗೆ ಕೂರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಬ್ಲೇಡನ್ನು ಸ್ವಲ್ಪ ಓರೆ ಹಿಡಿದರೆ ಇನ್ನೂ ಸಲೀಸು. ಹುಡುಗನ ಜೊತೆಗಾರ ಸಾವಕಾಶವಾಗಿ ಕೊಯ್ದು ಎರಡು ಮೂರು ನಿಮಿಷದಲ್ಲಿ ಮುಗಿಸಿದ. ಎಲ್ಲರೂ ಒಮ್ಮೆ ಸುಮ್ಮನಾದರು. ಸೈಟಿನಲ್ಲಿ ಕತ್ತರಿಸಬೇಕಿದ್ದದ್ದು ಒಂದೇ ಒಂದು ತುದಿ. ಆ ಕೆಲಸಕ್ಕೆ ಗ್ರೈಂಡರ್ ಬೇಕೇ ಇರಲಿಲ್ಲ.

ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ. ಯಾವ ವೀಲ್ ಅನ್ನುವುದು ಎರಡನೇ ಪ್ರಶ್ನೆ. ಈ ಕಟ್ ಗ್ರೈಂಡರಿನದ್ದೇ ಹೌದಾ ಅನ್ನುವುದು ಮೊದಲನೆಯದು. ಶೆಡ್ಡಿನಲ್ಲಿ ಆಗುವ ನೇರ ಕಟ್‌ಗಳೆಲ್ಲ ಕಟಿಂಗ್ ಮಷಿನ್ನಿಗೆ. ಕೂರಿಸಿದ ಮೇಲೆ ಗೋಡೆ ಪಕ್ಕ ಕತ್ತರಿಸುವುದಿದ್ದರೆ ಹ್ಯಾಕ್ಸಾ ಬ್ಲೇಡ್, ಜಿಗ್ ಸಾ, ಅಥವಾ ಬ್ಲೇಡ್ ಸುತ್ತದೆ ಅತ್ತಿತ್ತ ಅದುರುವ ಮಲ್ಟಿ ಟೂಲ್. ಗೋಡೆಗೆ ಒತ್ತಿಕೊಂಡ ಜಾಗಕ್ಕೆ ಮಲ್ಟಿ ಟೂಲ್‌ನಷ್ಟು ಹೊಂದುವ ಹತ್ಯಾರು ಬೇರೆ ನಾನು ಕಂಡಿಲ್ಲ. ಬೈ-ಮೆಟಲ್ ಬ್ಲೇಡ್ ಹಾಕಿದರೆ ಆಯಿತು. ಗ್ರೈಂಡರ್ ಬರಬೇಕಾದದ್ದು ಇವು ಯಾವುವೂ ಆಗದ ಕಡೆ. ದಪ್ಪ ಪ್ಲೇಟ್, ಹಳೇ ಚೌಕಟ್ಟು ಕೀಳುವುದು, ವೆಲ್ಡಿಂಗ್ ಗಂಟು ತೆಗೆಯುವುದು, ಅಂಥವು.

ಮರ ಕೊಯ್ಯುವ ಬ್ಲೇಡ್ ಹಾಕಿದರೆ?

ಇಷ್ಟೆಲ್ಲ ನೋಡುತ್ತಿದ್ದ ಮಾಲೀಕನ ತಮ್ಮ ಕೇಳಿದ. "ಸರ್, ವೀಲ್ ಒಡೆಯುತ್ತೆ ಅಂತ ತಾನೇ ಭಯ? ನಾಲ್ಕಿಂಚಿನ ಟಿಸಿಟಿ ಬ್ಲೇಡ್ ಸಿಗುತ್ತಲ್ಲ, ನಲವತ್ತು ಹಲ್ಲಿಂದು. ಗ್ರೈಂಡರಿಗೆ ಹಾಕಿದ್ರೆ ಅಲ್ಯುಮಿನಿಯಂ ಬೆಣ್ಣೆ ತರ ಹೋಗುತ್ತೆ. ಬಡಗಿಗಳೆಲ್ಲ ಹಾಕ್ತಾರೆ."

ಹೋಗುತ್ತದೆ, ನಿಜ. ಅದೇ ತೊಂದರೆ. ಸಲೀಸಾಗಿ ಹೋಗುವುದರಿಂದಲೇ ಜನ ಅದನ್ನು ಬಿಡುವುದಿಲ್ಲ. ನಾನು ಕಂಡ ಗ್ರೈಂಡರ್ ಗಾಯಗಳಲ್ಲಿ ಕೆಟ್ಟವು ಈ ಹಲ್ಲಿನ ಬ್ಲೇಡಿನಿಂದ ಆದವು. ಹಾಗಾಗಿ ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗ್ರೈಂಡರಿಗೆ ಹಲ್ಲಿನ ಗರಗಸದ ಬ್ಲೇಡ್ ಹಾಕಬೇಡಿ. ಅಲ್ಯುಮಿನಿಯಂಗೂ ಬೇಡ, ಮರಕ್ಕೂ ಬೇಡ. ಗ್ರೈಂಡರ್ ಕಂಪನಿಗಳ ಕೈಪಿಡಿಯಲ್ಲೂ ಇದನ್ನು ಸ್ಪಷ್ಟವಾಗಿ ಬೇಡ ಅಂತಲೇ ಬರೆದಿರುತ್ತಾರೆ.

ಕಾರಣ ಹೀಗೆ. ಹರಳಿನ ವೀಲ್ ಸಿಕ್ಕಿಕೊಂಡರೆ ತಿಕ್ಕುತ್ತದೆ, ನಿಲ್ಲುತ್ತದೆ, ಗ್ರೈಂಡರನ್ನು ಹಿಂದಕ್ಕೆ ಒದೆಯಲೂಬಹುದು, ಕೆಟ್ಟದ್ದೆಂದರೆ ಒಡೆಯುತ್ತದೆ. ಹಲ್ಲಿನ ಬ್ಲೇಡ್ ಸಿಕ್ಕಿಕೊಂಡರೆ ಹಲ್ಲು ಲೋಹವನ್ನು ಕಚ್ಚಿ ಹಿಡಿಯುತ್ತದೆ. ಬ್ಲೇಡ್ ಮುಂದೆ ಹೋಗಲಾರದು, ಮೋಟಾರಿನ ಬಲವೆಲ್ಲ ಮಷಿನ್ನನ್ನು ಹಿಂದಕ್ಕೆ ಎಸೆಯುತ್ತದೆ. 40 ಹಲ್ಲು, ನಿಮಿಷಕ್ಕೆ 11,000 ಸುತ್ತು. ಸೆಕೆಂಡಿಗೆ 7,000ಕ್ಕೂ ಜಾಸ್ತಿ ಹಲ್ಲು ಒಂದು ಜಾಗ ದಾಟುತ್ತವೆ. ಮನುಷ್ಯನ ಕೈ ಪ್ರತಿಕ್ರಿಯಿಸುವ ಮೊದಲೇ ಬ್ಲೇಡ್ ತೊಡೆಗೋ ಮಣಿಕಟ್ಟಿಗೋ ಬಂದಿರುತ್ತದೆ.

ಮರ ಕೊಯ್ಯುವ ಸರ್ಕ್ಯುಲರ್ ಸಾಗೆ ಅಡಿಯಲ್ಲಿ ತಟ್ಟೆ ಇದೆ, ಆಳ ನಿಲ್ಲಿಸುವ ವ್ಯವಸ್ಥೆ ಇದೆ, ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇದೆ. ಗ್ರೈಂಡರಿಗೆ ಇವು ಯಾವುವೂ ಇಲ್ಲ. ಅದರ ಗಾರ್ಡ್ ಅರ್ಧ ತೆರೆದದ್ದು, ಕಿಡಿ ಮತ್ತು ಚೂರು ತಡೆಯಲು ಮಾಡಿದ್ದು. ಮೇಲಾಗಿ ನಮ್ಮಲ್ಲಿ ಹೆಚ್ಚಾಗಿ ಸಿಗುವ 4 ಇಂಚಿನ ಗ್ರೈಂಡರುಗಳಲ್ಲಿ ಸ್ವಿಚ್ ಜಾರಿಸಿ ಬಿಡುವಂಥದ್ದು. ಕೈ ಬಿಟ್ಟರೂ ಅದು ಆನ್ ಆಗಿಯೇ ಇರುತ್ತದೆ. ಶಿವಮೊಗ್ಗದ ಆ ಕಿಟಕಿಯ ಬಳಿ ಗ್ರೈಂಡರ್ ನೆಲದ ಮೇಲೆ ತಿರುಗುತ್ತಿದ್ದದ್ದು ಇದಕ್ಕೇ. ಅವತ್ತು ಅದರಲ್ಲಿ ಒಡೆದ ವೀಲಿನ ಮೋಟು ಇತ್ತು. ಹಲ್ಲಿನ ಬ್ಲೇಡ್ ಇದ್ದಿದ್ದರೆ ಪಕ್ಕದಲ್ಲಿ ಕೂತಿದ್ದವನ ಕಾಲು ಉಳಿಯುತ್ತಿತ್ತಾ?

ಇದೇ ಜಾತಿಯ ಇನ್ನೊಂದು ಕೆಲಸವನ್ನೂ ನೋಡಿದ್ದೇನೆ. 7 ಇಂಚಿನ ವೀಲನ್ನು ಗಾರ್ಡ್ ತೆಗೆದು ಚಿಕ್ಕ ಗ್ರೈಂಡರಿಗೆ ಹಾಕುವುದು. 180 ಮಿಲಿಮೀಟರ್ ವೀಲಿನ ಮಿತಿ ಸುಮಾರು 8,500 ಆರ್‌ಪಿಎಂ. 11,000ದಲ್ಲಿ ತಿರುಗಿಸಿದರೆ ವೀಲನ್ನು ಹೊರಕ್ಕೆ ಎಳೆದು ಸೀಳುವ ಬಲ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಏರುತ್ತದೆ, ಯಾಕೆಂದರೆ ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಮಷಿನ್ ಮೇಲಿನ ಆರ್‌ಪಿಎಂ ಯಾವತ್ತೂ ವೀಲಿನ ಮೇಲಿನ ಆರ್‌ಪಿಎಂಗಿಂತ ಕಡಿಮೆ ಇರಬೇಕು. 14 ಇಂಚಿನ ಎಂ.ಎಸ್. ಕಟಿಂಗ್ ಮಷಿನ್ನಿಗೆ ಟಿಸಿಟಿ ಬ್ಲೇಡ್ ಹಾಕುವವರಿಗೂ ಇದೇ ಮಾತು. ಆ ಮಷಿನ್ ಸುಮಾರು 3,800 ತಿರುಗುತ್ತದೆ. ಉಕ್ಕು ಕೊಯ್ಯುವ ಅದೇ ಅಳತೆಯ ಹಲ್ಲಿನ ಬ್ಲೇಡಿಗೆ ಬೇಕಾದದ್ದು ಸುಮಾರು 1,300ರಿಂದ 1,500ರ ಮಷಿನ್.

ಗಾರ್ಡ್ ಮತ್ತು ತುಂಡು

ಗಾರ್ಡ್ ಬಿಚ್ಚಿದ್ದಕ್ಕೆ ಹುಡುಗನ ಬಳಿ ಕಾರಣ ಇತ್ತು. ಗೋಡೆಗೆ ತಾಗುತ್ತಿತ್ತು. ಬಹಳ ಕಡೆ ಗಾರ್ಡ್ ಹೋಗುವುದು ಹೀಗೇ, ಒಂದು ಇಕ್ಕಟ್ಟಾದ ಕಟ್‌ಗೆ ಅಂತ ಬಿಚ್ಚಿದ್ದು ಮತ್ತೆ ಹಾಕುವುದೇ ಇಲ್ಲ. ಗಾರ್ಡ್ ಹಿಡಿಸದ ಜಾಗ ಗ್ರೈಂಡರಿನ ಜಾಗವಲ್ಲ ಅಂತ ಅವರ ಶೆಡ್ಡಿನಲ್ಲಿ ಈಗ ನಿಯಮ ಮಾಡಿಕೊಂಡಿದ್ದಾರೆ. ಗಾರ್ಡ್ ಇದ್ದಿದ್ದರೆ ಮುಖದ ಕಡೆ ಬಂದ ಚೂರು ಅದಕ್ಕೆ ಬಡಿಯುತ್ತಿತ್ತು.

ಗೋಡೆ ತಪ್ಪಿಸಲು ಅವನು ಗ್ರೈಂಡರನ್ನು ವಾಲಿಸಿ ಹಿಡಿದಿದ್ದ. ಹಾಗಾಗಿ ವೀಲ್ ಕಟ್‌ನೊಳಗೆ ಬಾಗಿತ್ತು. ಕಟಿಂಗ್ ವೀಲಿಗೆ ಅಂಚಿನ ಮೇಲೆ ಬರುವ ಬಲ ಮಾತ್ರ ಗೊತ್ತು, ಪಕ್ಕದ ಬಲ ತಡೆಯಲು ಅದನ್ನು ಮಾಡಿಲ್ಲ. ಅದರ ಪಕ್ಕದಲ್ಲಿ ಬರ್ ಉಜ್ಜುವವರು ನೆನಪಿಡಬೇಕಾದದ್ದೂ ಇದನ್ನೇ. ಉಜ್ಜುವುದಕ್ಕೆ ಫ್ಲ್ಯಾಪ್ ಡಿಸ್ಕ್ ಅಥವಾ ಅರ ಇದೆ.

ತುಂಡು ವಾಲಿ ಹಿಡಿದುಕೊಂಡದ್ದು ಕೊನೆಯ ಪೆಟ್ಟು. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ಕತ್ತರಿಸಿದರೆ ಸೆಕ್ಷನ್ ನಡುವೆ ಕುಸಿದು ಕಟ್ ಮುಚ್ಚಿಕೊಳ್ಳುತ್ತದೆ. ಉಳಿಯುವ ಭಾಗವನ್ನು ಕಟ್‌ಗೆ ಹತ್ತಿರದಲ್ಲೇ ಬಿಗಿಯಾಗಿ ಹಿಡಿಸಿ, ಬೀಳುವ ತುಂಡು ಕಟ್ ತೆರೆದುಕೊಳ್ಳುವ ಕಡೆ ಬೀಳುವಂತೆ ಇಡಬೇಕು. ಇಲ್ಲಿ ಟ್ರ್ಯಾಕಿನ ತುದಿ ಗ್ರಾನೈಟಿಗೂ ಗೋಡೆಗೂ ನಡುವೆ ಇತ್ತು. ಬೀಳಲು ಜಾಗವೇ ಇರಲಿಲ್ಲ. ಅದು ವಾಲಬಹುದಾಗಿದ್ದದ್ದು ವೀಲಿನ ಕಡೆಗೆ ಮಾತ್ರ.

ಮೈಮೇಲಿನದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕನ್ನಡಕ, ಅದರ ಮೇಲೆ ಫೇಸ್ ಶೀಲ್ಡ್, ಕಿವಿಗೆ ಮಫ್, ಧೂಳಿಗೆ ಎನ್95 ಮಾಸ್ಕ್. ಕೈಗವಸು ಹಾಕುವುದಾದರೆ ಮೈಗಂಟಿದ ಚರ್ಮದ್ದು. ನೂಲಿನ ಸಡಿಲ ಗವಸು ವೀಲಿಗೆ ಸಿಕ್ಕರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಟಿಸಿಟಿ ಮಷಿನ್ ಬಳಿ ಗವಸೇ ಬೇಡ. ಪಕ್ಕದ ಹಿಡಿ ಹಾಕಿಯೇ ಕೆಲಸ, ಎರಡೂ ಕೈಯಲ್ಲಿ.

ಪುಡಿಯ ವಿಚಾರ

ಶೆಡ್ಡಿನಲ್ಲಿ ನನಗೆ ನಿಜಕ್ಕೂ ಕಳವಳ ತಂದದ್ದು ಮೇಜಿನ ಕೆಳಗಿನ ರಾಶಿ. ಎಂ.ಎಸ್. ಉಜ್ಜಿದ ಪುಡಿ, ಅಲ್ಯುಮಿನಿಯಂ ಪುಡಿ, ತುಕ್ಕು, ಎಲ್ಲ ಒಟ್ಟಿಗೆ. ಅದರ ಪಕ್ಕದಲ್ಲೇ ವೆಲ್ಡಿಂಗ್. ಕಬ್ಬಿಣದ ತುಕ್ಕು ಮತ್ತು ಸಣ್ಣ ಅಲ್ಯುಮಿನಿಯಂ ಪುಡಿ ಸೇರಿದರೆ ಅದು ಥರ್ಮೈಟ್. ರೈಲು ಹಳಿ ಬೆಸೆಯಲು ಬಳಸುವುದು ಇದೇ ಜೋಡಿಯನ್ನು. ಹತ್ತಿಕೊಂಡರೆ ಶಾಖ 2,000 ಡಿಗ್ರಿ ದಾಟುತ್ತದೆ.

ಸೆಕ್ಷನ್ ಕತ್ತರಿಸಿದ ಚೂರು ದಪ್ಪ, ಅದು ಸುಲಭಕ್ಕೆ ಹತ್ತಿಕೊಳ್ಳದು. ಉಜ್ಜುವಾಗ, ಪಾಲಿಶ್ ಮಾಡುವಾಗ ಬರುವ ನುಣ್ಣನೆಯ ಪುಡಿ ಹಾಗಲ್ಲ. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಕಾರಿನ ಅಲ್ಯುಮಿನಿಯಂ ಚಕ್ರಗಳಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ಈ ಪುಡಿ ಸಿಡಿಯಿತು. ಕೊನೆಗೆ ಸತ್ತವರ ಸಂಖ್ಯೆ 146ಕ್ಕೆ ಏರಿತು. ಧೂಳು ಸೇರುವ ಡಬ್ಬದೊಳಗೆ ತೇವ ತಗುಲಿ ಪುಡಿ ಕಾದದ್ದು ಅಲ್ಲಿ ತನಿಖೆಯಲ್ಲಿ ಕಂಡ ಕಾರಣ. ನಮ್ಮ ಚಿಕ್ಕ ಶೆಡ್ಡುಗಳಲ್ಲಿ ಅಷ್ಟು ಪುಡಿ ಇರುವುದಿಲ್ಲ. ಆದರೆ ಪುಡಿಯ ಗುಣ ಅದೇ.

ಅಲ್ಯುಮಿನಿಯಂಗೂ ಎಂ.ಎಸ್.ಗೂ ಬೇರೆ ಬೇರೆ ಮೇಜು ಆಯಿತು. ಪುಡಿಯನ್ನು ದಿನವೂ ಮೆತ್ತಗೆ ಗುಡಿಸಿ ಒಣ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ಗಾಳಿ ಹೊಡೆದು ಹಾರಿಸುವುದನ್ನು ನಿಲ್ಲಿಸಿದ್ದಾರೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬೇಡ, ಅದರ ಮೋಟಾರಿನ ಕಿಡಿಯೇ ಸಾಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇದೆ. ಅಲ್ಯುಮಿನಿಯಂ ಪುಡಿಗೆ ಬೆಂಕಿ ಬಿದ್ದರೆ ನೀರು ಹಾಕಬಾರದು. ನೀರಿನಿಂದ ಹೈಡ್ರೋಜನ್ ಹುಟ್ಟಿ ಬೆಂಕಿ ಹೆಚ್ಚುತ್ತದೆ.

ಎರಡು ಮೇಜಿನಿಂದ ಇನ್ನೊಂದು ಲಾಭವೂ ಆಯಿತು. ಎಂ.ಎಸ್. ಕತ್ತರಿಸಿದ ವೀಲಿನಿಂದ ಕಬ್ಬಿಣದ ಕಣ ಅಲ್ಯುಮಿನಿಯಂಗೆ ಅಂಟಿದರೆ ಮೊದಲ ಮಳೆಗೆ ಕಂದು ಕಲೆ ಏಳುತ್ತದೆ. ಪೌಡರ್ ಕೋಟಿಂಗ್ ಸರಿಯಿಲ್ಲ ಅಂತ ಗಿರಾಕಿಗಳು ದೂರುತ್ತಿದ್ದದ್ದರಲ್ಲಿ ಕೆಲವು ಇದೇ ಕಲೆಗಳು.

ಈಗಿನ ಸ್ಥಿತಿ

ಹುಡುಗ ಕೆಲಸಕ್ಕೆ ವಾಪಸ್ ಬಂದಿದ್ದಾನೆ. ಆಸ್ಪತ್ರೆ ಖರ್ಚು, ರಜೆಯ ಕೂಲಿ ಎರಡನ್ನೂ ಮಾಲೀಕ ಕೊಟ್ಟ, ಕೊಡಬೇಕಾದದ್ದೂ ಹೌದು. ಅಲ್ಯುಮಿನಿಯಂ ವೀಲುಗಳಿಗೆ ಮುಚ್ಚಳದ ಬೇರೆ ಡಬ್ಬ ಶೆಡ್ಡಿನೊಳಗೇ ಇದೆ. ತಾರೀಖು ಮುಗಿದವನ್ನು ಇನ್ಯಾರೂ ಎತ್ತಿಕೊಳ್ಳದಂತೆ ಮುರಿದು ಎಸೆಯುತ್ತಾರೆ. ಸೈಟಿಗೆ ಹೋಗುವ ಚೀಲದಲ್ಲಿ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಮತ್ತು ಮಲ್ಟಿ ಟೂಲ್ ಸೇರಿವೆ.

ಟ್ರ್ಯಾಕ್ ಉದ್ದ ಬಂದದ್ದೇಕೆ ಅನ್ನುವುದನ್ನೂ ಹಿಂದೆ ಹೋಗಿ ನೋಡಿದೆವು. ಗ್ರಾನೈಟ್ ಕೂರಿಸುವ ಮೊದಲೇ ಅಳತೆ ತೆಗೆದಿದ್ದರು. ಆಮೇಲೆ ಪ್ಲಾಸ್ಟರ್ ಅಂಚು ಒಳಗೆ ಬಂತು. ಈಗ ಗ್ರಾನೈಟ್ ಮತ್ತು ಪ್ಲಾಸ್ಟರ್ ಎರಡೂ ಮುಗಿದ ಮೇಲೆ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು, ಚಿಕ್ಕ ಅಳತೆಗೆ ಸೆಕ್ಷನ್ ಕತ್ತರಿಸುತ್ತಾರೆ.

ಒಂದು ಕೆಲಸ ಬಾಕಿ ಇದೆ. ಕೈ ಬಿಟ್ಟ ತಕ್ಷಣ ಆಫ್ ಆಗುವ, ಅಂದರೆ ಒತ್ತಿ ಹಿಡಿದರೆ ಮಾತ್ರ ಓಡುವ ಪ್ಯಾಡಲ್ ಸ್ವಿಚ್ಚಿನ ಗ್ರೈಂಡರ್ ಒಂದನ್ನು ಮಾಲೀಕ ತಂದಿದ್ದಾನೆ. ಅದು ಸೈಟಿಗೆ. ಹಳೇ ಜಾರು ಸ್ವಿಚ್ಚಿನವು ಇನ್ನೂ ಶೆಡ್ಡಿನಲ್ಲಿವೆ. ಅವಕ್ಕೆಲ್ಲ ಗಾರ್ಡ್ ವಾಪಸ್ ಹಾಕಿಸಿದ್ದೇನೆ. ಮುಂದಿನ ಮಳೆಗಾಲದೊಳಗೆ ಅವನ್ನೂ ಬದಲಾಯಿಸುತ್ತೇನೆ ಅಂತ ಹೇಳಿದ್ದಾನೆ. ಹೋಗಿ ನೋಡಿಕೊಂಡು ಬರುತ್ತೇನೆ.